ಹೋಯ್ ಎಂದರೆ ದೋಣಿ ನಿಲ್ಲುವುದಿಲ್ಲ

ನಳಿನಾಕ್ಷಿಗೆ ಗಂಡನ ಮೇಲಿರುವ ದೂರುಗಳನ್ನೆಲ್ಲ ಹೇಳುತ್ತ ಕೂತರೆ ಕೆಮ್ಮಣ್ಣಿನ ಹೊಳೆಯಲ್ಲಿ ನೀರು ಏರಿ, ಇಳಿದು, ಮತ್ತೊಮ್ಮೆ ಏರಿಬಿಡುತ್ತದೆ. ಹಾಗಾಗಿ ಒಂದನ್ನೇ ಹೇಳೋಣ. ಮದುವೆಯಾಗಿ ಕಾಪುವಿನಿಂದ ಕೆಮ್ಮಣ್ಣಿಗೆ ಬಂದ ಲಾಗಾಯ್ತು ಆ ಮಹಾನುಭಾವ ಅವಳನ್ನು ಒಂದು ಸಲವೂ ಹೆಸರು ಹಿಡಿದು ಕರೆದವನಲ್ಲ. ಅಪ್ಪ ಅಮ್ಮ ಜಾತಕ ನೋಡಿ, ನೆಂಟರನ್ನು ಕರೆದು, ತೊಟ್ಟಿಲಿಗೆ ಹೂ ಕಟ್ಟಿ ಇಟ್ಟ ಹೆಸರು ಗಂಡನ ಮನೆಯ ಹೊಸ್ತಿಲು ದಾಟುವಾಗ ಹೊರಗೇ ಉಳಿಯಿತು. ಒಳಗೆ ಬಂದವಳ ಹೆಸರು "ಹೋಯ್".

ಹೋಯ್ ಎಂದರೆ ಒಂದೇ ಎಂದು ತಿಳಿಯಬಾರದು, ಅದರಲ್ಲಿ ಒಳಪಂಗಡಗಳು ಬಹಳ. ಗಿಡ್ಡ ಹೋಯ್ ಎಂದರೆ ಚಹಾ. ಸ್ವಲ್ಪ ಎಳೆದರೆ ಮೈ ಒರೆಸುವ ಬೈರಾಸು ಎಲ್ಲಿ ಎಂಬ ಪ್ರಶ್ನೆ. ಕೊನೆಯಲ್ಲಿ ಸ್ವರ ಮೇಲಕ್ಕೇರಿದರೆ ಬಂಗುಡೆ ಸಾರಿಗೆ ಹುಳಿ ಜಾಸ್ತಿಯಾಗಿದೆ. ಎರಡು ಹೋಯ್ ಒಟ್ಟಿಗೆ ಬಂದರೆ ಅಂಗಳಕ್ಕೆ ಹಾವು ಬಂದಿದೆ, ಇಲ್ಲವೇ ನೆಂಟರು ಬಂದಿದ್ದಾರೆ. ಇಷ್ಟನ್ನೂ ಅವಳು ಯಾರಿಂದಲೂ ಹೇಳಿಸಿಕೊಳ್ಳದೆ ಕಲಿತು, ಅದರಲ್ಲೇ ಸಂಸಾರ ಮಾಡಿ, ಮಗ ರೂಪೇಶನನ್ನು ಬೆಳೆಸಿ, ಮದುವೆ ಮಾಡಿ, ಸೊಸೆಯನ್ನೂ ತಂದಿದ್ದಳು.

ನ್ಯಾಯವಾಗಿ ಹೇಳಬೇಕಾದರೆ ಅವಳೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆ ಎಂದು ಕಾಪುವಿನ ಅಮ್ಮ ಕಲಿಸಿಕೊಟ್ಟಿದ್ದಳು. ಬೇರೆ ಹೆಂಗಸರಿಗೆ ಇದು ದೊಡ್ಡ ಕಷ್ಟವಲ್ಲ. ನಳಿನಾಕ್ಷಿಯ ಗಂಡನ ಹೆಸರು ಧರ್ಮಪಾಲ. ಧರ್ಮ ಎಂಬುದು ಈ ದೇಶದಲ್ಲಿ ಎಲ್ಲಿ ಕಾಲಿಟ್ಟರೂ ತೊಡರುವ ಮಾತು. ಧರ್ಮಸ್ಥಳಕ್ಕೆ ಹೋಗುವಾಗ ಅವಳು ಕಂಡಕ್ಟರನ ಹತ್ತಿರ "ಮಂಜುನಾಥ ಸ್ವಾಮಿ ಇರುವಲ್ಲಿಗೆ ಒಂದು" ಎನ್ನುವಳು. ಪುಕ್ಕಟೆ ಸಿಕ್ಕಿದ್ದನ್ನು ಊರೆಲ್ಲ ಧರ್ಮಕ್ಕೆ ಸಿಕ್ಕಿತು ಎಂದರೆ ಇವಳು ಮಾತ್ರ ಸುಮ್ಮನೆ ಸಿಕ್ಕಿತು ಎನ್ನುವಳು. ಒಮ್ಮೆ ಪೇಪರಿನಲ್ಲಿ "ಕಳ್ಳನಿಗೆ ಧರ್ಮದೇಟು" ಎಂದು ಬಂದದ್ದನ್ನು ಸೊಸೆಗೆ ಓದಿ ಹೇಳುವಾಗ "ಕಳ್ಳನಿಗೆ ನಮ್ಮ ಮನೆಯವರ ಏಟು" ಎಂದು ಓದಿದ್ದಳಂತೆ. (ಇದು ಸೊಸೆ ಹಬ್ಬಿಸಿದ ಸುದ್ದಿ. ನಳಿನಾಕ್ಷಿ ಒಪ್ಪುವುದಿಲ್ಲ.) ಯಾವ ಕಚೇರಿಯಲ್ಲಿ ಗಂಡನ ಹೆಸರು ಕೇಳಿದರೂ ಪಕ್ಕದ ಮನೆಯ ಕಮಲಕ್ಕನನ್ನು ಮೊಣಕೈಯಿಂದ ತಿವಿದು ಹೇಳಿಸುವಳು. ಆದರೆ ಅವಳ ಲೆಕ್ಕದಲ್ಲಿ ಇವೆರಡೂ ಒಂದೇ ಅಲ್ಲ. ತಾನು ಹೇಳದಿರುವುದು ಮರ್ಯಾದೆ, ಅವನು ಹೇಳದಿರುವುದು ಸೊಕ್ಕು.

ಇನ್ನು ಧರ್ಮಪಾಲನ ವಿಷಯ. ಅವನು ಕಡವಿನ ದೋಣಿಯವ. ಹೊಳೆಯ ನಡುವೆ ತೆಂಗಿನ ಮರಗಳನ್ನು ಹೊತ್ತು ಕೂತ ಹೊನ್ನಪ್ಪ ಕುದ್ರು ಎಂಬ ದ್ವೀಪಕ್ಕೂ ಕೆಮ್ಮಣ್ಣಿನ ದಡಕ್ಕೂ ಜನರನ್ನು ದಾಟಿಸುವುದು ಅಜ್ಜನ ಕಾಲದಿಂದ ಅವರ ಮನೆಯ ಕಸುಬು. ಅಜ್ಜನ ಕಾಲದಿಂದ ಬಂದ ಇನ್ನೊಂದು ಆಸ್ತಿ ಒರಟು ಬಾಯಿ. ತಡವಾಗಿ ಬಂದವರಿಗೆ "ಈಜಿ ಬನ್ನಿ", ಬೇಗ ಬಂದವರಿಗೆ "ಮನೆಯಲ್ಲಿ ಬೇರೆ ಕೆಲಸ ಇಲ್ವಾ", ಸರಿಯಾದ ಹೊತ್ತಿಗೆ ಬಂದವರಿಗೆ ಬರೀ ಒಂದು ಗುರ್ ಎನ್ನುವ ಶಬ್ದ. ಬೇರೆ ದಾರಿ ಇಲ್ಲದ್ದರಿಂದ ಜನ ಬೈಸಿಕೊಂಡೇ ದಾಟುತ್ತಿದ್ದರು. ಆದರೆ ಕುದ್ರುವಿನ ಆಚೆ ತುದಿಗೆ ಸೇತುವೆ ಬಂತು. ಸೇತುವೆ ಯಾರಿಗೂ ಬೈಯುವುದಿಲ್ಲ. ಸುತ್ತು ದಾರಿಯಾದರೂ ಜನ ರಿಕ್ಷಾ ಹತ್ತತೊಡಗಿದರು, ಧರ್ಮಪಾಲ ಖಾಲಿ ದೋಣಿಯಲ್ಲಿ ಕೂತು ಕೊಕ್ಕರೆಗಳಿಗೆ ಬೈಯತೊಡಗಿದ.

ಆಗ ರಂಗಕ್ಕೆ ಇಳಿದವಳು ಸೊಸೆ ಹರ್ಷಿಣಿ. ರೂಪೇಶ ಮಲ್ಪೆಯ ಬೋಟಿನಲ್ಲಿ ಆಳಸಮುದ್ರಕ್ಕೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಅವನ ಹೆಂಡತಿ ಮಣಿಪಾಲದ ಒಂದು ದೊಡ್ಡ ಹೋಟೆಲಿನ ರಿಸೆಪ್ಶನ್‌ನಲ್ಲಿ ನಿಂತು ದಿನವಿಡೀ ನಗುವ ಕೆಲಸ ಮಾಡುತ್ತಾಳೆ. ಮಾವನ ಮುಖ ದಿನದಿಂದ ದಿನಕ್ಕೆ ಗಂಟಿಕ್ಕುವುದನ್ನು ನೋಡಲಾರದೆ ಅವಳು ಒಂದು ಭಾನುವಾರ ಬಾವಿಕಟ್ಟೆಯ ಹತ್ತಿರ ಪಾಠ ಶುರು ಮಾಡಿದಳು.

"ಮಾವ, ಜನ ದೋಣಿಗೆ ಬರುವಾಗ ಎಂತ ಹೇಳ್ತೀರಿ?"

"ಎಂತ ಹೇಳುದು? ಹತ್ತಿ ಅಂತ ಹೇಳುದು."

"ಹಾಗಲ್ಲ. ಎದ್ದು ನಿಲ್ಬೇಕು. ಕೈ ಮುಗೀಬೇಕು. ಹೆಸರು ಹಿಡಿದು ಮಾತಾಡಿಸ್ಬೇಕು. ಕಮಲಕ್ಕ, ಬನ್ನಿ, ಹುಷಾರಿದ್ದೀರಾ ಅಂತ ಕೇಳ್ಬೇಕು."

"ಹುಷಾರಿಲ್ಲ ಅಂತ ಹೇಳಿದ್ರೆ?"

"ಎಂತ ಆಯ್ತು ಅಂತ ಕೇಳ್ಬೇಕು."

"ಅದು ಹೇಳಿ ಮುಗಿಯುವಾಗ ಆಚೆ ದಡ ಬರ್ತದೆ."

"ಬರ್ಲಿ. ಅದಕ್ಕೇ ಸರ್ವಿಸ್ ಅಂತ ಹೇಳುದು, ಮಾವ."

ಧರ್ಮಪಾಲ ಹಟಮಾರಿ, ಆದರೆ ಖಾಲಿ ದೋಣಿ ಎಂಥವನನ್ನೂ ಮೆತ್ತಗೆ ಮಾಡುತ್ತದೆ. ಬೇರೆ ಯಾರ ಎದುರೂ ಅಭ್ಯಾಸ ಮಾಡಲು ನಾಚಿಕೆಯಾಗಿ ಅವನು ಮನೆಯ ಹುಂಜದ ಎದುರು ನಿಂತು ಕೈ ಮುಗಿದು ನಕ್ಕ. ಹುಂಜ ಆಮೇಲೆ ಬಾವಿಕಟ್ಟೆಯ ಕಡೆ ಬರುವುದನ್ನೇ ಬಿಟ್ಟಿತು. ಅಂತೂ ದೋಣಿಗೆ ಬಿಸಿಲು ತಡೆಯುವ ಬಟ್ಟೆ ಬಂತು, ಹಲಗೆಗಳ ಮೇಲೆ ಮೆತ್ತೆ ಬಂತು, ಹಿಂದುಗಡೆ ಮಣ್ಣಿನ ಹೂಜಿಯಲ್ಲಿ ಶುಂಠಿ ಹಾಕಿದ ಮಜ್ಜಿಗೆ ಬಂತು. (ಮಜ್ಜಿಗೆ ಕಡೆಯುವವಳು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.)

ಸುದ್ದಿ ಹಬ್ಬಿತು. ಮೊದಲು ಇದೇನು ಚೋದ್ಯ ಎಂದು ನೋಡಲು ಬಂದವರು ಆಮೇಲೆ ರುಚಿ ಹತ್ತಿ ಬಂದರು. ಕುವೈಟಿನಿಂದ ನಿವೃತ್ತಿಯಾಗಿ ಬಂದು ಕೆಮ್ಮಣ್ಣಿನಲ್ಲಿ ಮನೆ ಕಟ್ಟಿದ ಎಡ್ವಿನ್ ಕೂಡ ಕಾರನ್ನು ಶೆಡ್ಡಿನಲ್ಲಿ ಬಿಟ್ಟು, ಕೆಲಸ ಇರಲಿ ಇಲ್ಲದಿರಲಿ, ಬೆಳಗ್ಗೆ ಸಂಜೆ ದೋಣಿಯಲ್ಲಿ ಓಡಾಡತೊಡಗಿದ. ವಿಮಾನದಲ್ಲಿ ಇಷ್ಟು ವರ್ಷ ಹೋಗಿ ಬಂದೆ, ಒಬ್ಬರೂ ನನ್ನ ಬೆನ್ನುನೋವು ಕೇಳಿರಲಿಲ್ಲ ಎಂಬುದು ಅವನ ಅಭಿಪ್ರಾಯ.

ನಳಿನಾಕ್ಷಿಗೆ ಈ ವರದಿಗಳೆಲ್ಲ ಕಮಲಕ್ಕನ ಮೂಲಕ ಬರುತ್ತಿದ್ದವು. ಒಂದು ದಿನ ಅವಳು ಅಡುಗೆಮನೆಯ ಹಿಂದೆ ಕೂತು ಬೂತಾಯಿ ಮೀನು ಸರಿಮಾಡುತ್ತಿರುವಾಗ ಕಮಲಕ್ಕ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂತಳು.

"ನಿನ್ನ ಗಂಡ ಇದ್ದಾರಲ್ಲ, ದೇವರಂಥ ಮನುಷ್ಯ ಮಾರಾಯ್ತಿ. ಕೈ ಹಿಡಿದು ಹತ್ತಿಸಿದ್ರು, ಮೆತ್ತೆ ಒರೆಸಿ ಕೊಟ್ರು, ಕಮಲಕ್ಕ ನಿಮ್ಮ ಮೊಣಗಂಟು ಹೇಗುಂಟು ಅಂತ ಕೇಳಿದ್ರು."

"ಅದು ಬೇರೆ ಯಾರೋ ಇರ್ಬೇಕು. ನಮ್ಮ ಮನೆಯಲ್ಲಿ ಅದೇ ಮುಖದ ಒಬ್ಬರು ಇದ್ದಾರೆ, ಅವರಿಗೆ ಮಾತು ಬರುದಿಲ್ಲ."

"ನಿನಗೆ ತಮಾಷೆ. ಎಲ್ಲರ ಹೆಸರೂ ಎಷ್ಟು ಚಂದ ಹೇಳ್ತಾರೆ ಗೊತ್ತುಂಟಾ. ಕುದ್ರುವಿನ ಶಾಲೆಯ ಟೀಚರ್ ಇಲ್ವಾ, ಕಾರ್ಕಳದವರು, ಅವರನ್ನು ದಿನಾ ಬೆಳಿಗ್ಗೆ ಸಂಜೆ ಕರೆಯುವುದು ಕೇಳ್ಬೇಕು ನೀನು. ನಳಿನಾಕ್ಷಿ ಟೀಚರ್, ಬನ್ನಿ. ನಳಿನಾಕ್ಷಿ ಟೀಚರ್, ಜಾಗ್ರತೆ ಇಳೀರಿ."

ನಳಿನಾಕ್ಷಿಯ ಕೈಯಲ್ಲಿದ್ದ ಕತ್ತಿ ನಿಂತಿತು. ಬೆಕ್ಕು ಆ ಸಂದರ್ಭವನ್ನು ಸದುಪಯೋಗಪಡಿಸಿಕೊಂಡು ಒಂದು ಮೀನು ಎತ್ತಿಕೊಂಡು ಹೋದದ್ದನ್ನೂ ಅವಳು ನೋಡಲಿಲ್ಲ.

ಟೀಚರಿನ ಬಗ್ಗೆ ಅವಳಿಗೆ ಸಂಶಯ ಏನೂ ಬರಲಿಲ್ಲ. ಮೊಮ್ಮಕ್ಕಳಿರುವ, ಕೊಡೆ ಹಿಡಿದು ತಲೆ ತಗ್ಗಿಸಿ ನಡೆಯುವ ಸಾಧು ಹೆಂಗಸು. ಸಂಶಯವಾದರೆ ಸುಲಭವಿತ್ತು, ಒಂದು ಜಗಳದಲ್ಲಿ ಮುಗಿಯುತ್ತಿತ್ತು. ಇದು ಹಾಗಲ್ಲ. ಇಷ್ಟು ವರ್ಷ ಅವಳು ಗಂಡನ ನಾಲಗೆಗೆ ಆ ಹೆಸರು ಹೊರಳುವುದೇ ಇಲ್ಲ ಎಂದುಕೊಂಡು ಸಮಾಧಾನ ಮಾಡಿಕೊಂಡಿದ್ದಳು. ಈಗ ನೋಡಿದರೆ ದಿನಕ್ಕೆರಡು ಸಲ, ಎಲ್ಲರೆದುರು, ಸಲೀಸಾಗಿ ಹೊರಳುತ್ತಿದೆ. ತನ್ನ ಹೆಸರೇ, ತನಗಲ್ಲದೆ.

ಆ ದಿನ ಊಟಕ್ಕೆ ಬಡಿಸುವಾಗ ಅವಳು ಕೇಳಿಯೇಬಿಟ್ಟಳು.

"ಹೋಯ್, ಆ ಶಾಲೆಯ ಟೀಚರಿನ ಹೆಸರೆಂತ?"

ಧರ್ಮಪಾಲ ಮೀನಿನ ಮುಳ್ಳು ಬಿಡಿಸುತ್ತಿದ್ದ. "ಟೀಚರ್."

"ಅದರ ಮುಂಚೆ ಎಂತದೋ ಉಂಟಂತಲ್ಲ."

ಅವನು ಸ್ವಲ್ಪ ಕೆಮ್ಮಿ, ನೀರು ಕುಡಿದು, "ಸಾರಿಗೆ ಉಪ್ಪು ಸಾಲದು" ಎಂದ. ಸೌಜನ್ಯ ಸೇವೆಯ ಹೊತ್ತು ಮುಗಿದಿತ್ತು.

ಅಲ್ಲಿಂದ ನಳಿನಾಕ್ಷಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಒಣಗದ ಬಟ್ಟೆಯನ್ನು ಒಳಗೆ ತಂದಳು, ತಂದದ್ದನ್ನು ಮತ್ತೆ ಹೊರಗೆ ಹಾಕಿದಳು. ಮರುದಿನ ಬೆಳಗ್ಗೆ ಒಂದು ತೀರ್ಮಾನಕ್ಕೆ ಬಂದು, ಮದುವೆಮನೆಗೆ ಉಡುವ ಸೀರೆ ಉಟ್ಟು, ಜಡೆಗೆ ಅಬ್ಬಲಿಗೆ ಮುಡಿದು ಕಡವಿಗೆ ಹೊರಟಳು. ಕುದ್ರುವಿನಲ್ಲಿ ಬಸಳೆ ಒಳ್ಳೆಯದು ಸಿಗುತ್ತದೆ ಎಂಬುದು ನೆಪ. (ಅವಳ ಹಿತ್ತಿಲಿನಲ್ಲೇ ಬಸಳೆಯ ಚಪ್ಪರ ಬಗ್ಗಿ ನೆಲ ಮುಟ್ಟುತ್ತಿತ್ತು.)

ದೋಣಿಯ ಹತ್ತಿರ ಧರ್ಮಪಾಲ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೈ ಮುಗಿದು ನಿಂತಿದ್ದ. "ಎಡ್ವಿನಣ್ಣ, ಬನ್ನಿ, ಬೆನ್ನು ಹೇಗುಂಟು?" "ಕಮಲಕ್ಕ, ನಿಧಾನ." ಅವಳ ಸರದಿ ಬಂತು. ಕೈ ಮುಗಿದದ್ದು ಹಾಗೇ ಇತ್ತು, ನಗು ಮಾತ್ರ ಎಲ್ಲೋ ಜಾರಿತು.

"ಹ್ಞಾಂ... ಬನ್ನಿ ಬನ್ನಿ," ಎಂದು ಅವನು ಇಂಜಿನ್ನಿನ ಕಡೆ ತಿರುಗಿದ.

ಹೆಸರು ಬರಲಿಲ್ಲ. ಆದರೆ ಬನ್ನಿ ಬಂತು. "ಬಾ" ಕೂಡ ಅಪರೂಪವಾಗಿದ್ದ ಬಾಯಿಯಿಂದ ಎರಡು ಸಲ "ಬನ್ನಿ". ಮೇಲಾಗಿ ಅವನು ಹೆಗಲ ಬೈರಾಸಿನಿಂದ ಅವಳಿಗೆಂದು ಮೆತ್ತೆ ಒರೆಸಿದ. ನಳಿನಾಕ್ಷಿ ಮಹಾರಾಣಿಯಂತೆ ಕೂತಳು. ಆ ಹೊಳೆಯನ್ನು ಅವಳು ಇಷ್ಟು ವರ್ಷ ಅಂಗಳದಿಂದ ನೋಡಿದ್ದಳೇ ಹೊರತು ಹೀಗೆ ನಡುವಿನಲ್ಲಿ ಕೂತು ನೋಡಿರಲಿಲ್ಲ. ಬಟ್ಟೆಯ ನೆರಳು, ಕಾಲ ಕೆಳಗೆ ನೀರಿನ ಸದ್ದು, ಸಮುದ್ರದ ಕಡೆಯಿಂದ ಬರುವ ತಂಗಾಳಿ, ಯಾರೂ ಒಳಗಿನಿಂದ ಹೋಯ್ ಎನ್ನುವುದಿಲ್ಲ. ನಡುಹೊಳೆಯಲ್ಲಿ ಅವನು ಲೋಟ ನೀಡಿ "ಮಜ್ಜಿಗೆ ತಕ್ಕೊಳ್ಳಿ" ಎಂದ. ಬೆಳಿಗ್ಗೆ ಎದ್ದು ತಾನೇ ಕಡೆದ ಮಜ್ಜಿಗೆ. ಮನೆಯಲ್ಲಿ ಅದಕ್ಕೆ ಇಷ್ಟು ರುಚಿ ಇದ್ದದ್ದು ಅವಳಿಗೆ ಗೊತ್ತೇ ಇರಲಿಲ್ಲ.

ಒಮ್ಮೆ ರುಚಿ ಹತ್ತಿದ ಮೇಲೆ ಬಿಡುವುದುಂಟೇ. ಮರುದಿನ ಕುದ್ರುವಿಗೆ ಸಾರಿಗೆಂದು ಮರುವಾಯಿ ಚಿಪ್ಪು ತರಲು ಹೋದಳು. ಅದರ ಮರುದಿನ ಯಾರದೋ ಮನೆಯ ದನ ಕರು ಹಾಕಿದ್ದನ್ನು ನೋಡಲು. ಆಮೇಲೆ ನೆಪಗಳು ಮುಗಿದು ಸುಮ್ಮನೆ ಹೋದಳು. ಇತ್ತ ಮನೆಯಲ್ಲಿ ಗಂಜಿ ತಳ ಹಿಡಿಯಿತು, ಕೋಳಿಗಳು ಅಡುಗೆಮನೆಗೆ ನುಗ್ಗಿದವು, ಸೊಸೆ ಕೆಲಸದಿಂದ ಬಂದರೆ ಬಾಗಿಲಿಗೆ ಬೀಗ. ಒಂದೊಂದು ಸಲವೂ ಈ ಸಲ ಹೇಳುತ್ತಾನೆ ಎಂದು ಹಲಗೆಗೆ ಕಾಲಿಡುವಳು, ಒಂದೊಂದು ಸಲವೂ ಅವನು ಆಕಾಶ ನೋಡಿ, ಇಲ್ಲವೇ ಹಗ್ಗ ನೋಡಿ, "ಬನ್ನಿ ಬನ್ನಿ" ಎನ್ನುವನು. ಹಿಂದೆಯೇ ಟೀಚರ್ ಬಂದರೆ ನಾಲ್ಕು ಅಕ್ಷರವೂ ಪಟಪಟನೆ ಉದುರುವುದು.

ಕೊನೆಗೆ ಅವಳು ಹರ್ಷಿಣಿಯನ್ನು ಮೂಲೆಗೆ ಕರೆದಳು.

"ನಿನ್ನ ಸರ್ವಿಸ್‌ಗೆ ಒಂದು ಬೋರ್ಡ್ ಬೇಡ್ವಾ ಮಗಾ? ಎಲ್ಲರನ್ನೂ ಹೆಸರು ಹಿಡಿದೇ ಕರೀಬೇಕು ಅಂತ ಬರೆದು ಹಾಕು. ಹೋಯ್ ಗೀಯ್ ಅಂತ ಹೇಳ್ಲಿಕ್ಕಿಲ್ಲ ಅಂತ ಸಹ ಬರಿ."

ಹರ್ಷಿಣಿಗೆ ವಿಷಯ ಅರ್ಥವಾಯಿತು. ಹೋಟೆಲಿನಲ್ಲಿ ಕಲಿತ ಗಾಂಭೀರ್ಯದಿಂದ ನಗು ತಡೆದುಕೊಂಡಳು. "ಬರೀಬಹುದು ಅತ್ತೆ. ಆದ್ರೆ ರೂಲ್ಸ್ ಅಂದ್ರೆ ಎರಡೂ ಕಡೆಗೆ ಬೇಕು. ಜನ ಸಹ ಮಾವನನ್ನು ಹೋಯ್ ಅಂತ ಕೂಗ್ತಾರೆ, ಅದೂ ಆಗ್ಲಿಕ್ಕಿಲ್ಲ ಅಲ್ವಾ?"

"ಆಗ್ಲಿ, ಅದನ್ನೂ ಬರಿ," ಎಂದಳು ನಳಿನಾಕ್ಷಿ. (ಈ "ಆಗ್ಲಿ"ಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅವಳು ಇಟ್ಟುಕೊಳ್ಳಲಿಲ್ಲ.)

ಎರಡು ದಿನದಲ್ಲಿ ದೋಣಿಯ ಮುಂಭಾಗದಲ್ಲಿ ನೀಲಿ ಬಣ್ಣದ ಬೋರ್ಡು ನಿಂತಿತು: "ಈ ದೋಣಿಯಲ್ಲಿ ಪ್ರತಿಯೊಬ್ಬ ಪ್ರಯಾಣಿಕರನ್ನೂ ಹೆಸರು ಹಿಡಿದು ಸ್ವಾಗತಿಸಲಾಗುವುದು. ದೋಣಿಯವರನ್ನು ಪ್ರಯಾಣಿಕರೂ ಹೆಸರಿನಿಂದಲೇ ಕರೆಯತಕ್ಕದ್ದು. ಹೋಯ್ ಎಂದರೆ ದೋಣಿ ನಿಲ್ಲುವುದಿಲ್ಲ."

ಧರ್ಮಪಾಲ ಅದನ್ನು ಬಹಳ ಹೊತ್ತು ಓದಿದ. ಆದರೆ ತಪ್ಪಿಸಿಕೊಳ್ಳುವುದರಲ್ಲಿ ಅವನು ಹೊಳೆಮೀನಿಗಿಂತ ಕಡಿಮೆಯವನಲ್ಲ. ಮೊದಲ ದಿನ "ರೂಪೇಶನ ಅಮ್ಮ, ಬನ್ನಿ" ಎಂದ. "ಅದು ಹೆಸರಾ?" ಎಂದು ಅವಳು ಬೋರ್ಡಿನತ್ತ ಬೆರಳು ತೋರಿಸಿದಳು. ಎರಡನೆಯ ದಿನ ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿದ. ಇನ್ನೊಂದು ದಿನ ಅವಳು ಬರುವುದನ್ನು ಕಂಡದ್ದೇ, ದೋಣಿ ಕೆಸರಿಗೆ ಸಿಕ್ಕಿದೆ ಎಂದು ಸೊಂಟದವರೆಗಿನ ನೀರಿಗೆ ಇಸ್ತ್ರಿಯ ಅಂಗಿ ಸಮೇತ ಧುಮುಕಿ ತಳ್ಳತೊಡಗಿದ. ದೋಣಿ ಕೆಸರಿನಲ್ಲಿ ಇರಲೇ ಇಲ್ಲ, ಅವನು ತಳ್ಳಿದ ರಭಸಕ್ಕೆ ಒಳಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

ಪ್ರಯಾಣಿಕರಿಗೆ ಈಗ ಮಜ್ಜಿಗೆಗಿಂತ ಇದೇ ಹೆಚ್ಚು ಮಜಾ. ನಳಿನಾಕ್ಷಿ ಬರುವ ಹೊತ್ತನ್ನು ನೋಡಿಕೊಂಡು ಬರುತ್ತಿದ್ದರು. ಎಡ್ವಿನ್ ಒಂದು ದಿನ ಅವನ ಕಿವಿಯ ಹತ್ತಿರ ಹೋದ.

"ಧರ್ಮಣ್ಣ, ಒಂದು ಸಲ ಹೇಳಿಬಿಡಿ ಮಾರಾಯ್ರೆ. ನಾಲ್ಕು ಅಕ್ಷರ."

"ಬರುದಿಲ್ಲ ಎಡ್ವಿನಣ್ಣ."

"ಟೀಚರಿಗೆ ಬರ್ತದಲ್ಲ?"

"ಅದು ಟೀಚರ್. ಇದು..." ಎಂದು ಅವನು ಕಿವಿ ಕೆಂಪಗೆ ಮಾಡಿಕೊಂಡು ಇಂಜಿನ್ನಿಗೆ ಎಣ್ಣೆ ಹಾಕತೊಡಗಿದ. "ನಮ್ಮ ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳ್ಲೇ ಇಲ್ಲ. ಹೇಗೆ ಕರೆಯುದು ಅಂತ ಗೊತ್ತಿಲ್ಲ."

ಈ ಮಾತು ನಳಿನಾಕ್ಷಿಯ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲವೋ ಏನೋ.

ಮಳೆಗಾಲ ಬಾಗಿಲಿಗೆ ಬಂದ ಒಂದು ಸಂಜೆ. ಮೋಡ ಕವಿದಿತ್ತು. ಕುದ್ರುವಿನಿಂದ ಕೆಮ್ಮಣ್ಣಿಗೆ ಹೊರಡುವ ಕೊನೆಯ ದೋಣಿ. ಮಧ್ಯಾಹ್ನದ ದೋಣಿಯಲ್ಲಿ ದಾಟಿದ್ದ ನಳಿನಾಕ್ಷಿ ದಡದಲ್ಲಿ ಸಾಲಿನ ಕೊನೆಗೆ ನಿಂತಿದ್ದಳು. ಅವಳ ಮುಂದೆಯೇ ಟೀಚರ್.

"ನಳಿನಾಕ್ಷಿ ಟೀಚರ್, ಬನ್ನಿ. ಜಾಗ್ರತೆ, ಹಲಗೆ ಜಾರ್ತದೆ," ಎಂದು ಧರ್ಮಪಾಲ ಕೈ ಕೊಟ್ಟು ಹತ್ತಿಸಿದ. ಮತ್ತೆ ಅದೇ ಕೈಯನ್ನು ಹೆಂಡತಿಯ ಕಡೆ ಚಾಚಿ, ಕಣ್ಣನ್ನು ಮೋಡದ ಕಡೆ ಚಾಚಿ, "ಬನ್ನಿ ಬನ್ನಿ" ಎಂದ.

ನಳಿನಾಕ್ಷಿಗೆ ಅಳು ಬಂತು. ತಮಾಷೆಗೆ ಶುರುವಾದದ್ದು ಎಂದು ಎಲ್ಲರೂ ತಿಳಿದಿದ್ದರು, ಅವಳೂ ತಿಳಿದಿದ್ದಳು. ಆದರೆ ಆ ಕ್ಷಣಕ್ಕೆ ಅವಳಿಗೆ ನಿಜವಾಗಿಯೂ ನೋವಾಯಿತು. ಇಷ್ಟ್ಯಾಕೆ ಮಾಡಿದೆ, ಯಾರಿಗೆ ಬೇಕಿತ್ತು ಈ ಒರೆಸಿದ ಮೆತ್ತೆ ಎನ್ನಿಸಿತು. ಹಲಗೆಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು.

"ಹೆಸರು ಹೇಳಿದ್ರೆ ಮಾತ್ರ ಹತ್ತುದು."

"ಮಳೆ ಬರ್ತದೆ. ಹತ್ತಿ."

"ಹೆಸರು."

ಧರ್ಮಪಾಲ ದೋಣಿಯಲ್ಲಿದ್ದವರನ್ನು ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಕೊನೆಗೆ "ದೋಣಿಗೆ ಹೊತ್ತಾಯ್ತು" ಎಂದು ಬಿದಿರಿನ ಗಳ ಊರಿ ದಡದಿಂದ ನೂಕಿದ. ಅವಳು ಈಗ ಹಾರಿ ಹತ್ತುತ್ತಾಳೆ ಎಂದು ಅವನು ತಿಳಿದ. ಅವನು ಈಗ ನಿಲ್ಲಿಸುತ್ತಾನೆ ಎಂದು ಅವಳು ತಿಳಿದಳು. ಇಬ್ಬರೂ ಹೀಗೆ ತಿಳಿದುಕೊಳ್ಳುತ್ತಿರುವಾಗ ನಡುವೆ ನೀರು ಅಗಲವಾಗುತ್ತ ಹೋಯಿತು.

ಆಗ ಅವಳಿಗೆ ಒಂದೊಂದೇ ನೆನಪಾಯಿತು. ಇದು ಕೊನೆಯ ದೋಣಿ. ಸೇತುವೆ ಕುದ್ರುವಿನ ಆಚೆ ತುದಿಯಲ್ಲಿದೆ, ಈ ಹೊತ್ತಿಗೆ ಅಲ್ಲಿ ರಿಕ್ಷಾ ಇರುವುದಿಲ್ಲ. ಇದ್ದರೂ ಕೈಯಲ್ಲಿ ಪರ್ಸಿಲ್ಲ, ದೋಣಿಯವನ ಹೆಂಡತಿಗೆ ಪರ್ಸು ಯಾಕೆ ಎಂದು ಬಿಟ್ಟು ಬಂದಿದ್ದಳು. ಮನೆಯ ಬೀಗದ ಕೈ ಅವಳ ಸೊಂಟದಲ್ಲಿದೆ, ಹರ್ಷಿಣಿ ಮಣಿಪಾಲದ ಬಸ್ಸಿಳಿದು ಮಳೆಯಲ್ಲಿ ಜಗಲಿಯ ಮೇಲೆ ನಿಂತಿರುತ್ತಾಳೆ. ಮೊದಲ ಹನಿ ಮೂಗಿನ ಮೇಲೆ ಬಿತ್ತು.

"ಹೋಯ್," ಎಂದು ಕೂಗಿದಳು.

ದಡದಲ್ಲಿ ಬಲೆ ಒಣಗಿಸುತ್ತಿದ್ದವನು ತಿರುಗಿದ. ದನ ಕಟ್ಟುತ್ತಿದ್ದವನು ತಿರುಗಿದ. ದನವೂ ತಿರುಗಿತು. ದೋಣಿಯ ಹಿಂದುಗಡೆ ನಿಂತವನ ಬೆನ್ನು ಮಾತ್ರ ತಿರುಗಲಿಲ್ಲ.

"ಹೋಯ್, ಕೇಳ್ಲಿಲ್ವಾ?"

ಎಡ್ವಿನ್ ದೋಣಿಯಿಂದ ಎದ್ದು ನಿಂತು ಕೈಯನ್ನು ಬಾಯಿಯ ಸುತ್ತ ಹಿಡಿದ. "ನಳಿನಕ್ಕ, ಬೋರ್ಡ್ ಉಂಟಲ್ಲ. ಹೋಯ್ ಅಂದ್ರೆ ನಿಲ್ಲುದಿಲ್ಲ ಅಂತ. ನೀವೇ ಹಾಕಿಸಿದ್ದಲ್ವಾ?"

ದೋಣಿಯಲ್ಲಿ ನಗೆ ಎದ್ದಿತು. ನಳಿನಾಕ್ಷಿ ಸೆರಗನ್ನು ತಲೆಗೆ ಎಳೆದುಕೊಂಡು ದಡದುದ್ದಕ್ಕೂ ಆಚೆ ಈಚೆ ಓಡಾಡಿದಳು. "ರೂಪೇಶನ ಅಪ್ಪ" ಎಂದು ಕೂಗಿದಳು. "ಹರ್ಷಿಣಿಯ ಮಾವ" ಎಂದು ಕೂಗಿದಳು. "ದೋಣಿಯವರೇ" ಎಂದಳು. ಆ ಹೆಸರಿಗೆ ಮಂಜುನಾಥ ಸ್ವಾಮಿಯ ಊರಿನ ದಾರಿಯಿಂದ ಬರಬಹುದೇ ಎಂದೂ ಒಂದು ಕ್ಷಣ ಯೋಚಿಸಿದಳು. ಹೆಸರು ಗಂಟಲಿನವರೆಗೆ ಬರುತ್ತಿತ್ತು, ಅಲ್ಲಿ ಕಾಪುವಿನ ಅಮ್ಮ ಕೂತಿದ್ದಳು. ಇಂಜಿನ್ ಇನ್ನೂ ಶುರುವಾಗಿರಲಿಲ್ಲ, ಅವನು ಗಳ ಊರಿಕೊಂಡು ಬಹಳ ನಿಧಾನ ಹೋಗುತ್ತಿದ್ದ. ಅಷ್ಟು ನಿಧಾನವಾಗಿ ಅವನು ದೋಣಿ ನಡೆಸಿದ್ದು ಯಾರೂ ಕಂಡಿರಲಿಲ್ಲ.

ಆಮೇಲೆ ಅವನು ಇಂಜಿನ್ನಿನ ಹಗ್ಗಕ್ಕೆ ಕೈ ಹಾಕಿದ. ನಳಿನಾಕ್ಷಿ ಕಣ್ಣು ಮುಚ್ಚಿದಳು.

"ಧರ್ಮಪಾಲಾ..."

"ಅಣ್ಣ" ಇಲ್ಲ, "ಅವರೇ" ಇಲ್ಲ, ಹಿಂದೆ ಮುಂದೆ ಏನೂ ಇಲ್ಲ. ಇಷ್ಟು ವರ್ಷ ಒಳಗೆ ಕೂಡಿಟ್ಟದ್ದೆಲ್ಲ ಒಟ್ಟಿಗೆ ಹೊರಗೆ ಬಂದರೆ ಹೇಗಿರಬೇಡ. ತೆಂಗಿನ ಗರಿಯ ಮೇಲಿದ್ದ ಕೊಕ್ಕರೆಗಳು ಎದ್ದು ಹಾರಿದವು. ಆಚೆ ದಡದಲ್ಲಿ ಅಂಗಳದ ಬಟ್ಟೆ ತೆಗೆಯುತ್ತಿದ್ದ ಕಮಲಕ್ಕ, ಯಾರಪ್ಪ ಇದು, ಧರ್ಮಣ್ಣನಿಗೆ ಸಾಲ ಕೊಟ್ಟವರು ಇರಬೇಕು ಎಂದುಕೊಂಡಳಂತೆ.

ದೋಣಿಯಲ್ಲಿ ಯಾರೂ ನಗಲಿಲ್ಲ. ಧರ್ಮಪಾಲ ಹಗ್ಗ ಬಿಟ್ಟ. ದೋಣಿ ತಿರುಗಿ ಬಂದು ದಡಕ್ಕೆ ತಾಗಿತು. ಅವನು ಹಲಗೆ ಹಾಕಿ, ಬೈರಾಸಿನಿಂದ ಅದರ ಮೇಲಿನ ಮಳೆಹನಿ ಒರೆಸಿ, ಕೈ ಚಾಚಿದ. ಈ ಸಲ ಮೋಡ ನೋಡಲಿಲ್ಲ, ಹಗ್ಗ ನೋಡಲಿಲ್ಲ. ಸೇವೆಯ ದೊಡ್ಡ ಸ್ವರವೂ ಇರಲಿಲ್ಲ. ಹೊಸ ಸೈಕಲು ಹತ್ತುವವನ ಹಾಗೆ ಹೆದರಿ ಹೆದರಿ ಹೇಳಿದ.

"ಬನ್ನಿ, ನಳಿನಾಕ್ಷಿ."

ಈ ಗಳಿಗೆಗಾಗಿ ಅವಳು ಎಷ್ಟು ಗಂಜಿ ಕರಟಿಸಿದ್ದಳು. ಹೀಗೆ ನಗಬೇಕು, ಹೀಗೆ ಕತ್ತು ತಿರುಗಿಸಬೇಕು ಎಂದು ಎಲ್ಲ ಯೋಚಿಸಿಟ್ಟಿದ್ದಳು. ಅದು ಬಂದಾಗ ಅವಳಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕುತ್ತಿಗೆಯಿಂದ ಹಿಡಿದು ಕೆನ್ನೆಯವರೆಗೆ ಬಿಸಿಯಾಯಿತು.

"ಎಂತದು ಮಾರಾಯ್ರೆ ನಿಮ್ಮದು," ಎಂದು ಗದರಿಸಿದಳು. "ಇಷ್ಟು ಜನರ ಎದುರು ಹೆಂಡತಿಯ ಹೆಸರು ಹಿಡಿದು ಕರೀತೀರಲ್ಲ, ನಾಚಿಕೆ ಆಗುದಿಲ್ವಾ?"

ಆಗ ಎದ್ದ ನಗೆ ಕೆಮ್ಮಣ್ಣಿನ ದಡ ಮುಟ್ಟುವವರೆಗೂ ನಿಲ್ಲಲಿಲ್ಲ. ಟೀಚರ್ ಕೂಡ ಕೊಡೆಯ ಹಿಂದೆ ಮುಖ ಮರೆಸಿ ನಗುತ್ತಿದ್ದರು. ನಳಿನಾಕ್ಷಿ ಎಲ್ಲರಿಗೂ ಬೆನ್ನು ಹಾಕಿ ಕೂತು, ಕೊಟ್ಟ ಮಜ್ಜಿಗೆಯನ್ನು ಕುಡಿದಳು.

ಮನೆಗೆ ಹೋದದ್ದೇ, ಜಗಲಿಯಲ್ಲಿ ಒದ್ದೆಯಾಗಿ ನಿಂತಿದ್ದ ಸೊಸೆಗೆ ಹೇಳಿದಳು, "ಆ ಬೋರ್ಡ್ ನಾಳೆಯೇ ಅಳಿಸು."

ಹರ್ಷಿಣಿ ಬಣ್ಣದ ಡಬ್ಬಿ ಹಿಡಿದು ಬೆಳಗ್ಗೆ ಕಡವಿಗೆ ಹೋಗಿ ಹಾಗೇ ತಿರುಗಿ ಬಂದಳು. "ಮಾವ ಬಿಡುದಿಲ್ಲ ಅತ್ತೆ. ಅಳಿಸುದು ಬೇಡ, ಇನ್ನೊಂದು ಗೆರೆ ಬರಿ ಅಂತ ಹೇಳಿದ್ರು. ಬರೆದು ಬಂದೆ."

"ಎಂತ ಗೆರೆ?"

"ದೋಣಿಯವರ ಹೆಸರು ಹೇಳದೆ ಯಾರೂ ಹಲಗೆಗೆ ಕಾಲಿಡತಕ್ಕದ್ದಲ್ಲ."

ನಳಿನಾಕ್ಷಿ ಆ ದಿನ ಮನೆ ಬಿಟ್ಟು ಕದಲಲಿಲ್ಲ. ಮರುದಿನವೂ ಇಲ್ಲ. ಅಂಗಳದಿಂದ ಎಂದಿನಂತೆ ಗಿಡ್ಡ ಹೋಯ್ ಬಂತು, ಎಳೆದ ಹೋಯ್ ಬಂತು. "ಮೊನ್ನೆ ಹೆಸರು ಬಂತಲ್ಲ ಬಾಯಿಗೆ?" ಎಂದು ಕೇಳಿದರೆ "ಅದು ಸರ್ವಿಸ್, ಇದು ಮನೆ" ಎಂದ. ಅವಳು ಗುಡಿಸಿದ ಅಂಗಳವನ್ನು ಮತ್ತೆ ಗುಡಿಸಿದಳು. ಬೆಕ್ಕಿಗೆ ಬೈದಳು. ಬಾಗಿಲಿಗೆ ಬಂದು ಹೊಳೆ ನೋಡಿದಳು, ಒಳಗೆ ಹೋದಳು, ಮತ್ತೆ ಬಂದು ನೋಡಿದಳು. ಕೊನೆಗೆ ಸೀರೆ ಬದಲಿಸಿ, ಬಸಳೆ ತರಲು ಹೊರಟಳು.

ದೋಣಿ ತುಂಬಿತ್ತು. ಎಲ್ಲರೂ ಅವಳಿಗಾಗಿಯೇ ಕಾದು ಕೂತವರಂತೆ ಇದ್ದರು. ಧರ್ಮಪಾಲ ಕೈ ಮುಗಿದು ಹಲಗೆಯ ತುದಿಯಲ್ಲಿ ನಿಂತಿದ್ದ. ನಳಿನಾಕ್ಷಿ ಕಾಲಿನ ಹೆಬ್ಬೆರಳನ್ನು ನೋಡುತ್ತ, ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದು, ಹೇಳಬೇಕಾದ್ದನ್ನು ಹೇಳಿದಳು.

ಧರ್ಮಪಾಲ ಕಿವಿಗೆ ಕೈ ಕೊಟ್ಟು ಬಗ್ಗಿದ. "ಇಂಜಿನ್ನಿನ ಸದ್ದಲ್ಲಿ ಕೇಳ್ಲಿಲ್ಲ ನಳಿನಾಕ್ಷಿಯವರೇ. ಇನ್ನೊಂದು ಸಲ ಹೇಳಿ."

ಇಂಜಿನ್ ಇನ್ನೂ ಸ್ಟಾರ್ಟೇ ಆಗಿರಲಿಲ್ಲ.